ಹೊಸ್ತಿಲ ಹೊರಗಿನ ಬೂಟು

(ಜೀಡಿಮೆಟ್ಲಾದಲ್ಲಿ ಸೇರಿದ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಭೆಯ ಮುಂದೆ ಒಂದು ಠರಾವು ಬಂದಿದೆ. ನಮ್ಮ ಸಂಘದವರು ವರ್ಗಣಿ ಎತ್ತುವುದಕ್ಕಾಗಲಿ, ಆಮಂತ್ರಣ ಕೊಡುವುದಕ್ಕಾಗಲಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಬೂಟು ಬಿಚ್ಚಬಾರದು, ಬಿಚ್ಚಲೇಬೇಕೆಂದರೆ ಒಳಗೆ ಕಾಲಿಡದೆ ಹಿಂದಿರುಗಬೇಕು ಎಂಬುದು ಅದರ ಸಾರ. ಠರಾವು ತಂದವರು ನಮ್ಮ ಹುಡುಗರು. ಅವರ ಸಿಟ್ಟು ಸುಳ್ಳಲ್ಲ. ಆದರೂ ಈ ಠರಾವು ಬೇಡ ಎಂದು ಹೇಳುವುದಕ್ಕೇ ನಾವು ಎದ್ದು ನಿಂತಿದ್ದೇವೆ. ನಾವು ಓದಿದ್ದು ಏಳನೆಯ ಇಯತ್ತೆ. ಪುಸ್ತಕ ಹಿಡಿದದ್ದಕ್ಕಿಂತ ತಟ್ಟೆ ತೊಳೆದದ್ದು ಹೆಚ್ಚು. ಮಾತು ಹಿಂದುಮುಂದಾದರೆ ತಾವು ಮನ್ನಿಸಬೇಕು.

ನಡೆದದ್ದನ್ನು ತಿಳಿಯದವರಿಗಾಗಿ ಹೇಳುತ್ತೇವೆ. ರಾಜ್ಯೋತ್ಸವದ ಆಮಂತ್ರಣ ಹಿಡಿದು ನಮ್ಮ ನಾಲ್ಕು ಮಂದಿ ದೊಡ್ಡ ಹುದ್ದೆಯಲ್ಲಿರುವ ಕನ್ನಡಿಗರೊಬ್ಬರ ಮನೆಗೆ ಹೋದರು. ಪಾಳಿ ಮುಗಿಸಿ ನೆಟ್ಟಗೆ ಹೋದದ್ದು; ಕಾಲಲ್ಲಿ ಕಾರ್ಖಾನೆಯ ಸೇಫ್ಟಿ ಬೂಟು, ಬೆರಳಿನ ಮೇಲೆ ಉಕ್ಕಿನ ಟೊಪ್ಪಿಗೆ ಇರುವಂಥದು. ಬಾಗಿಲಲ್ಲೇ ಬಿಚ್ಚಿ ಎಂದರು, ಬಿಚ್ಚಿದರು. ಹನ್ನೆರಡು ಗಂಟೆ ಮುಚ್ಚಿಟ್ಟ ಕಾಲು. ಒಬ್ಬನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಆ ಮನೆಯ ಮಕ್ಕಳು ಮೂಗು ಹಿಡಿದುಕೊಂಡು ಒಳಗೆ ಓಡಿದವು. ಇಷ್ಟೇ ಆಗಿದ್ದರೆ ಯಾರೂ ಠರಾವು ಬರೆಯುತ್ತಿರಲಿಲ್ಲ. ಬೆನ್ನಿಗೇ ಒಬ್ಬ ಕಂತ್ರಾಟುದಾರರು ಬಂದರು. ಬೂಟುಗಾಲಲ್ಲೇ ಸೋಫಾದ ತನಕ ನಡೆದರು. ಮನೆಯವರು “ಇರಲಿ ಇರಲಿ, ಬನ್ನಿ” ಎಂದರು. ನಮ್ಮವರು ಬರಿಗಾಲಲ್ಲಿ ನಿಂತೇ ಆಮಂತ್ರಣ ಕೊಟ್ಟು ಬಂದರು.

ಈಗ ಕೇಳುತ್ತೇವೆ: ತಪ್ಪಾದದ್ದು ನಮ್ಮವರ ಬೂಟು ಬಿಚ್ಚಿಸಿದ್ದರಿಂದಲೋ, ಕಂತ್ರಾಟುದಾರರ ಬೂಟು ಬಿಚ್ಚಿಸದೆ ಹೋದದ್ದರಿಂದಲೋ?

ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಬಂದ ನಮಗೆ ಚಪ್ಪಲಿ ಹೊರಗೆ ಬಿಡುವುದು ಹೊಸದಲ್ಲ. ಊರಲ್ಲಿ ಬೀಗರು ಬಂದರೆ ಪಡಸಾಲೆ ಏರುವ ಮುಂಚೆಯೇ ತಂಬಿಗೆ ತುಂಬ ನೀರು ಬರುತ್ತದೆ. “ಕಾಲಿಗೆ ನೀರು ತಗೊಳ್ರಿ” ಎನ್ನುತ್ತಾರೆ. ಕಾಲು ತೊಳೆದ ಮೇಲೆ ಕಂಬಳಿ ಹಾಸುತ್ತಾರೆ, ಕುಡಿಯಲು ಬೇರೆ ನೀರು ಕೊಡುತ್ತಾರೆ. ನಡೆದು ಬಂದ ಕಾಲಿನ ಧೂಳು ಬಂದವನ ತಪ್ಪಲ್ಲ ಎಂದು ಆ ತಂಬಿಗೆ ಹೇಳುತ್ತದೆ. ಪಟ್ಟಣಕ್ಕೆ ಬರುವಾಗ ನಮ್ಮ ಜನ ಚಪ್ಪಲಿ ಬಿಡಿಸುವುದನ್ನು ಮಾತ್ರ ಕಟ್ಟಿಕೊಂಡು ಬಂದರು; ತಂಬಿಗೆಯನ್ನು ಊರಲ್ಲೇ ಬಿಟ್ಟರು.

ಮಂಡ್ಯ ಕಡೆಯ ನಮ್ಮ ತಮ್ಮನೊಬ್ಬನ ಕಥೆ ನಿಮಗೆಲ್ಲ ಗೊತ್ತು. ಕೋಣೆ ಬಾಡಿಗೆಗೆ ಕೇಳಲು ಚಿಂತಲಿನಲ್ಲಿ ಒಂದು ಮನೆಗೆ ಹೋದ. ಮನೆಯ ತಾಯಿ ತೆಲುಗಿನಲ್ಲಿ “ಎಕ್ಕಡ ನುಂಚಿ?” ಎಂದರು. ಎಲ್ಲಿಂದ ಬಂದೆ ಎಂದು ಅವರು ಕೇಳಿದ್ದು. ಅವರ ಕಡೆ ಎಕ್ಕಡ ಎಂದರೆ ಚಪ್ಪಲಿ. ಈತ ಗಾಬರಿಯಾಗಿ ಎರಡೂ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತ. ಆ ತಾಯಿ ನಕ್ಕು ಕೋಣೆಯನ್ನೂ ಕೊಟ್ಟರು, ಚಹಾವನ್ನೂ ಕೊಟ್ಟರು.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಜಗದ್ಗಿರಿಗುಟ್ಟದಲ್ಲಿ ನಮ್ಮ ಸದಸ್ಯನೊಬ್ಬನ ಕೈ ಪ್ರೆಸ್ಸಿನಲ್ಲಿ ಸಿಕ್ಕಿತು. ಸುದ್ದಿ ತಿಳಿದು ಓಡಿದೆವು. ಅವಸರದಲ್ಲಿ ಬೂಟು ಬಿಚ್ಚದೆ ಒಳಗೆ ನುಗ್ಗಿದೆವು. ಹತ್ತಡಿಯ ಕೋಣೆ. ಒಲೆ, ದೇವರು, ಹಾಸಿಗೆ, ಮಗುವಿನ ತೊಟ್ಟಿಲು ಎಲ್ಲ ಅಲ್ಲೇ. ಆ ನೆಲದ ಮೇಲೆಯೇ ಅವರ ಊಟ. ಪರಿಹಾರದ ಅರ್ಜಿ, ವೈದ್ಯರ ಚೀಟಿ ಎಂದು ಗಂಟೆ ಮಾತಾಡಿ ಎದ್ದೆವು. ಮುಂದೆ ಆತನ ಹೆಂಡತಿ ನಮ್ಮ ಮನೆಯವರ ಹತ್ತಿರ ಹೇಳಿದ ಮಾತು: ನಾವು ಹೋದ ಮೇಲೆ ಅತ್ತೆಯವರು ಅಳುತ್ತ ಆ ಹೆಜ್ಜೆಗಳನ್ನು ಒರೆಸಿದರಂತೆ. ಮಗನ ಕೈಗಾಗಿ ಅತ್ತರೋ, ನಮ್ಮ ಬೂಟಿಗಾಗಿ ಅತ್ತರೋ, ಕೇಳುವ ಧೈರ್ಯ ನಮಗೆ ಇಂದಿಗೂ ಬಂದಿಲ್ಲ. ಈ ಠರಾವು ಪಾಸಾದರೆ ನಾವು ಆ ದಿನ ಮಾಡಿದ್ದೇ ಸಂಘದ ನಿಯಮವಾಗುತ್ತದೆ.

ದೊಡ್ಡವರ ಮನೆಗಷ್ಟೇ ಈ ನಿಯಮ ಇಡೋಣ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಆ ದೊಡ್ಡ ಮನೆಯ ನೆಲ ಒರೆಸುವವರು ಯಾರಪ್ಪ? ಶಾಪೂರ್ ನಗರದಿಂದ, ಗಾಜುಲರಾಮಾರಂನಿಂದ ಬೆಳಗ್ಗೆ ಆರಕ್ಕೇ ಹೊರಡುವ ನಮ್ಮ ಅಕ್ಕತಂಗಿಯರು. ನೀನು ಸಿಟ್ಟಿನಲ್ಲಿ ಮೂಡಿಸುವ ಒಂದೊಂದು ಹೆಜ್ಜೆಗೂ ಅವರು ಬೆನ್ನು ಬಗ್ಗಿಸಬೇಕು. ಮನೆಯ ಯಜಮಾನರು ಬಗ್ಗುವುದಿಲ್ಲ.

ಬೂಟು ಬಿಚ್ಚುವುದಿಲ್ಲ ಎಂಬ ಹಠ ಇದೇ ಹೈದರಾಬಾದಿನಲ್ಲಿ ಹಿಂದೆಯೂ ನಡೆದದ್ದುಂಟು. ನಿಜಾಮರ ದರ್ಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟರೂ ಮೊದಲು ಬೂಟು ಬಿಚ್ಚಿ ಹಾಸಿನ ಮೇಲೆ ಕೂರಬೇಕಾಗಿತ್ತು. 1869ರಲ್ಲಿ ಅಫ್ಜಲ್ ಉದ್ದೌಲರು ತೀರಿಕೊಂಡು, ಮೂರು ವರ್ಷವೂ ತುಂಬದ ಮೀರ್ ಮಹಬೂಬ್ ಅಲಿ ಖಾನರನ್ನು ಗಾದಿಯ ಮೇಲೆ ಕೂರಿಸಿದಾಗ, ರೆಸಿಡೆಂಟ್ ಸಾಂಡರ್ಸ್ ಸಾಹೇಬರು ಬೂಟು ಹಾಕಿಕೊಂಡೇ ಬರುತ್ತೇವೆ, ಕುರ್ಚಿಯಲ್ಲೇ ಕೂರುತ್ತೇವೆ ಎಂದು ಸಾಧಿಸಿಕೊಂಡರು. ಗಾದಿಯ ಮೇಲೆ ಕೂಸು ಇರುವ ಸಮಯ ನೋಡಿ ಬದಲಾಯಿಸಿದ ಮರ್ಯಾದೆ ಅದು! ಅದಕ್ಕೆ ಮೊದಲೇ, 1854ರಲ್ಲಿ, ಅವರ ಸರ್ಕಾರ ಇನ್ನೊಂದು ಆಜ್ಞೆ ಮಾಡಿತ್ತು. ವಿಲಾಯಿತಿ ಬೂಟು ತೊಟ್ಟ ಈ ದೇಶದವರು ದರ್ಬಾರಿಗೆ ಹಾಗೇ ಬರಬಹುದು. ನಾಡಿನ ಜೋಡು ಮೆಟ್ಟಿದವರು ಹೊರಗೆ ಬಿಟ್ಟೇ ಬರಬೇಕು. ಕಾಲು ಒಂದೇ, ಜೋಡಿನ ಬೆಲೆ ಬೇರೆ. ಆ ಕಂತ್ರಾಟುದಾರರಿಗೆ ಸಿಕ್ಕ ಮರ್ಯಾದೆಯ ಬೇರು ಎಲ್ಲಿದೆ ನೋಡಿ. ನಮ್ಮ ಹಳ್ಳಿಗಳ ಬೇರೂ ಇದೆ. ಗೌಡರ ಮನೆ ಮುಂದೆ ಹಾಯುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದ ಹಿರಿಯರ ಮಕ್ಕಳು ಈ ಸಭೆಯಲ್ಲಿದ್ದಾರೆ. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂತು. ಕಾಲಿಗೆ ಆ ನೆನಪು ಇನ್ನೂ ಹೋಗಿಲ್ಲ. ಅಂಥವನಿಗೆ ಬಾಗಿಲಲ್ಲಿ “ಬಿಚ್ಚು” ಎಂದರೆ ಅವನ ಕಿವಿಗೆ ಬೇರೆಯೇ ಕೇಳಿಸುತ್ತದೆ. ಇದನ್ನು ಆ ಮನೆಯವರೂ ತಿಳಿಯಬೇಕು.

ನಮಗೂ ಇದರ ರುಚಿ ಗೊತ್ತು. ಹೋಟೆಲುಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಬಂತು. ನಾವು ಅದಕ್ಕೂ ಮೊದಲೇ ತಟ್ಟೆ ತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದೆವು. ಚಪ್ಪಲಿ ಇರಲಿಲ್ಲ. ಹಗಲೆಲ್ಲ ಎಂಜಲು ನೀರಿನಲ್ಲಿ ನಿಂತು ಬೆರಳ ಸಂದಿ ಕೆಸರುಹುಣ್ಣಾಗಿ ಬಿಳಿಚಿಕೊಳ್ಳುತ್ತಿತ್ತು. ಮಾಲೀಕರ ಮಗಳ ಮದುವೆಯಲ್ಲಿ ನಮ್ಮನ್ನು ಬಂದವರ ಚಪ್ಪಲಿ ಕಾಯಲು ಕೂರಿಸಿದರು. ಒಂದು ಜೊತೆ ಕಳೆಯಿತು. ಬರಿಗಾಲಿನ ಹುಡುಗನ ಪಗಾರದಲ್ಲಿ ಆ ಜೊತೆಯ ದುಡ್ಡು ಹಿಡಿದರು.

ಬೀದರಿನ ನಾನಕ ಝೀರಾ ಗುರುದ್ವಾರಕ್ಕೆ ಹೋದಾಗ ಕಂಡದ್ದೇ ಬೇರೆ. ಅಲ್ಲಿ ಚಪ್ಪಲಿ ಇಡುವ ಜಾಗಕ್ಕೆ ಜೋಡಾ ಘರ್ ಎನ್ನುತ್ತಾರೆ. ಬಂದವರ ಚಪ್ಪಲಿಯನ್ನು ಕೈಯಾರೆ ತೆಗೆದುಕೊಂಡು ಇಡುವುದು ಅವರಲ್ಲಿ ಸೇವೆ, ಉಳ್ಳವರೂ ಮಾಡುತ್ತಾರೆ. ಬಿಳಿ ಗಡ್ಡದ ಹಿರಿಯರೊಬ್ಬರು ನಮ್ಮ ಸವೆದ ಚಪ್ಪಲಿಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಅಲ್ಲಿ ಎಲ್ಲರೂ ಬಿಡಬೇಕು. ಯಾರಿಗೂ “ಇರಲಿ ಬನ್ನಿ” ಇಲ್ಲ. ಅದಕ್ಕೇ ಅಲ್ಲಿ ಯಾರ ಮುಖವೂ ಸಣ್ಣದಾಗುವುದಿಲ್ಲ.

ಬೂಟು ಬಿಚ್ಚುವುದಕ್ಕೆ ಮರ್ಯಾದೆಯ ಕಾರಣ ಒಂದಾದರೆ ನಮ್ಮ ಜೀಡಿಮೆಟ್ಲಾದಲ್ಲಿ ಆರೋಗ್ಯದ ಕಾರಣ ಇನ್ನೂ ದೊಡ್ಡದು. ಇಲ್ಲಿ ಔಷಧಿಯ ಮೂಲವಸ್ತು ಮಾಡುವ ಕಾರ್ಖಾನೆಗಳಿವೆ, ರಾಸಾಯನಿಕದವು ಇವೆ. ನೀವು ಡ್ರಮ್ಮು ಉರುಳಿಸಿದ ನೆಲದ ಪುಡಿ ಬೂಟಿನ ಅಡಿಯಲ್ಲಿ ಮನೆಗೆ ಬರುತ್ತದೆ. ಸೀಸದ ಕೆಲಸದವರ ಬಟ್ಟೆಬೂಟಿನಿಂದ ಮನೆಗೆ ಬಂದ ಧೂಳು ಅವರ ಮಕ್ಕಳ ಹೊಟ್ಟೆ ಸೇರುತ್ತದೆಂದು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅಂಬೆಗಾಲಿಡುವ ಕೂಸು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಇಟ್ಟುಕೊಳ್ಳುತ್ತದೆ. ಔಷಧಿ ತಯಾರಾಗುವ ಕೋಣೆಗೆ ಹೋಗುವಾಗ ಹೊರಗಿನ ಬೂಟು ಬಿಡಿಸಿ ಬೇರೆ ಜೋಡು ಕೊಡುತ್ತಾರಲ್ಲ, ಮಾತ್ರೆಗೆ ಇರುವಷ್ಟು ಕಾವಲು ನಮ್ಮ ಕೂಸುಗಳಿಗೆ ಬೇಡವೇ? ತೊಳೆದುಕೊಳ್ಳುವ ಅನುಕೂಲ, ಬಟ್ಟೆ ಇಟ್ಟು ಒಣಗಿಸುವ ಜಾಗ ಇವನ್ನು 1948ರ ಕಾರ್ಖಾನೆ ಕಾಯ್ದೆಯ 42, 43ನೆಯ ಕಲಮುಗಳೇ ಹೇಳಿದ್ದವು. ಈಗ ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಯಾವುದಾದರೂ ಇರಲಿ, ಗೇಟಿನ ಒಳಗೇ ಬೂಟು ಇಡಲು ಬೀಗದ ಪೆಟ್ಟಿಗೆ, ಕಾಲಿಗೆ ನಲ್ಲಿ, ಸೋಪು ನಮಗೆ ಬೇಕು. ಠರಾವು ಮಾಡುವುದಾದರೆ ಇದಕ್ಕೆ ಮಾಡಿ, ಮೊದಲ ಕೈ ನಮ್ಮದು.

ಆ ದೊಡ್ಡ ಮನೆಯ ವಿಷಯಕ್ಕೆ ನಮ್ಮ ಸಲಹೆ ಇಷ್ಟು. ಮತ್ತೆ ಅಂಥ ಪ್ರಸಂಗ ಬಂದರೆ, ಎಲ್ಲರೂ ಬಿಡುವ ಮನೆಯಲ್ಲಿ ನಾವೂ ಬಿಡೋಣ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಎಂದು ಕಂಡರೆ, ಜಗಳವಾಡದೆ, “ಅಣ್ಣಾವರೆ, ಅವರೂ ಬಿಟ್ಟಿದ್ದರೆ ಚೆನ್ನಾಗಿತ್ತು” ಎಂದು ಒಂದು ಮಾತು ಹೇಳಿ, ಹೊಸ್ತಿಲ ಮೇಲೆಯೇ ಆಮಂತ್ರಣ ಕೊಟ್ಟು ಬರೋಣ. ಆ ಮಾತು ಬೂಟಿಗಿಂತ ದೂರ ಒಳಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಬಾಗಿಲ ಹೊರಗೆ ಒಂದು ಬಕೆಟ್ಟು ನೀರು, ಒಂದು ತಂಬಿಗೆ, ಲೇಸು ಬಿಚ್ಚಲು ಕೂರುವುದಕ್ಕೆ ಒಂದು ಮಣೆ ಇಡೋಣ. ಮನೆಯ ಮಾಲೀಕರು ಮೆಟ್ಟಿಲಲ್ಲಿ ಚಪ್ಪಲಿ ಕಾಣಬಾರದು ಎನ್ನುತ್ತಾರಂತೆ. ಆ ಮೂರು ಕಡೆ ನಾವೇ ಬಂದು ಮಾತಾಡುತ್ತೇವೆ, ವಿಳಾಸ ಬರೆದು ಕೊಡಿ.

ಬರುವ ಭಾನುವಾರ ವರ್ಗಣಿಗೆ ಸುರಾರಂ ಕಡೆ ಹೊರಡುವುದಿದೆ. ಮೂವತ್ತು ಮನೆ ಮುಗಿಸಬೇಕು. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಇಲ್ಲಿಗೇ ಬನ್ನಿ. ಲೇಸಿನ ಬೂಟು ಬೇಡ, ಚಪ್ಪಲಿ ಮೆಟ್ಟಿ ಬನ್ನಿ.