ಅಂಗಡಿಗೆ ಬೀಗ ಬಿದ್ದಾಗ ಗ್ರಾಹಕನ ಹಕ್ಕು
(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತನಾಡಲು ಅವಕಾಶ ಕೊಟ್ಟ ಆಡಳಿತ ಮಂಡಳಿಗೆ ನಾವು ಕೃತಜ್ಞರಾಗಿದ್ದೇವೆ. ಸಂಘದ ಏಳಿಗೆಯ ಬಗ್ಗೆ ನಮಗಿಂತ ಮೊದಲು ಮಾತನಾಡಿದವರು ಸಾಕಷ್ಟು ಹೇಳಿದ್ದಾರೆ. ನಾವು ಒಂದು ಮಿಕ್ಸರಿನ ಕತೆ ಹೇಳುತ್ತೇವೆ. ನಗಬೇಡಿ, ಅದರಲ್ಲಿ ನಮ್ಮ ನಿಮ್ಮೆಲ್ಲರ ದುಡ್ಡಿನ ಪ್ರಶ್ನೆ ಇದೆ.

2020ನೇ ಇಸವಿಯ ಮಾರ್ಚ್ ತಿಂಗಳು. ಯುಗಾದಿಯ ರಿಯಾಯಿತಿ ಮಾರಾಟದಲ್ಲಿ ಪೇಟೆಯ ಒಂದು ಅಂಗಡಿಯಿಂದ ಮೂರು ಸಾವಿರದ ಮಿಕ್ಸರನ್ನು ಎರಡು ಸಾವಿರದ ನಾಲ್ಕು ನೂರು ರೂಪಾಯಿಗೆ ತಂದೆವು. ಹಬ್ಬದ ದಿನವೇ ತೆಗೆಯೋಣ ಅಂತ ಪೆಟ್ಟಿಗೆಯನ್ನು ಹಾಗೇ ಇಟ್ಟಿದ್ದೆವು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಹೂರಣ ರುಬ್ಬಲು ಗುಂಡಿ ತಿರುಗಿಸಿದರೆ ಮಿಕ್ಸರು ಎರಡು ಸುತ್ತು ತಿರುಗಿ, ಸುಟ್ಟ ವಾಸನೆ ಬಿಟ್ಟು ನಿಂತಿತು. ಅಂಗಡಿಗೆ ಒಯ್ಯೋಣವೆಂದರೆ ಅಂಗಡಿ ಇಲ್ಲ, ಬಸ್ಸೂ ಇಲ್ಲ. ಬಿಲ್ಲಿನ ಬುಡದಲ್ಲಿ ಎರಡು ಸಾಲು ಅಚ್ಚಾಗಿತ್ತು: ಬದಲಾವಣೆ ಏಳು ದಿನದೊಳಗೆ ಮಾತ್ರ, ರಿಯಾಯಿತಿ ಮಾಲು ವಾಪಸ್ ಇಲ್ಲ.

ಅಂಗಡಿ ತೆರೆದ ಮೇಲೆ ಹೋದೆವು. "ಏಳು ದಿನ ಎಂದೋ ಮುಗೀತಲ್ಲ ಮಾಸ್ತರ್ರೇ, ಮೇಲಾಗಿ ಡಿಸ್ಕೌಂಟ್ ಮಾಲು" ಅಂದರು. ನಾವೂ ಹೌದೇನೋ ಅಂದುಕೊಂಡು ತಲೆ ತಗ್ಗಿಸಿ ಬಂದೆವು. ಕೊನೆಗೆ ಮಿಕ್ಸರ್ ಕಂಪನಿಯ ಒಂದು ವರ್ಷದ ವಾರಂಟಿ ನೆನಪಾಗಿ, ಆ ಕಾಗದ ತೋರಿಸಿ ರಿಪೇರಿ ಮಾಡಿಸಿದೆವು. ನಮ್ಮ ನೆರೆಮನೆಯವರು ಅದೇ ವೇಳೆಗೆ ಕೊಂಡ ಫ್ಯಾನು ಕೂಡ ಕೆಟ್ಟಿತ್ತು. ಅವರು ಮಾತ್ರ ಮೂರನೇ ದಿನವೇ ಫ್ಯಾನಿನ ಫೋಟೋ ಮತ್ತು ಬಿಲ್ಲಿನ ಫೋಟೋ ತೆಗೆದು, "ಮಾಲು ಕೆಟ್ಟಿದೆ, ಬಳಸದೆ ಇಟ್ಟಿದ್ದೇವೆ, ಅಂಗಡಿ ತೆರೆದ ಕೂಡಲೇ ತರುತ್ತೇವೆ" ಎಂದು ಅಂಗಡಿಯವರ ವಾಟ್ಸಾಪಿಗೆ ಬರೆದು ಹಾಕಿದ್ದರು. ಅಂಗಡಿ ತೆರೆದ ವಾರದಲ್ಲೇ ಅವರಿಗೆ ಹೊಸ ಫ್ಯಾನು ಸಿಕ್ಕಿತು. ಅವರಿಗೂ ನಮಗೂ ಇದ್ದ ವ್ಯತ್ಯಾಸ ಅಷ್ಟೇ: ಅವರು ಬರೆದರು, ನಾವು ಬರೆಯಲಿಲ್ಲ.

ಆ ಪೆಟ್ಟು ತಿಂದ ಮೇಲೆ ನಾವು ಕಾಯ್ದೆಯನ್ನು ಓದಿದೆವು. ನಾವು ಮಿಕ್ಸರ್ ಕೊಂಡಾಗ ಇದ್ದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷವಿರುವ ಮಾಲಿನ ವಿರುದ್ಧ ದೂರು ಕೊಡುವ ಹಕ್ಕು ಅದರಲ್ಲೂ ಇತ್ತು. ಈಗಿರುವುದು 2019ರ ಕಾಯ್ದೆ; ಅದು 2020ರ ಜುಲೈ 20ರಿಂದ ಜಾರಿಗೆ ಬಂತು. ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಈ ಹೊಸ ಕಾಯ್ದೆ ಹೇಳುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಬರೆದಿಲ್ಲದಿದ್ದರೆ 30 ದಿನ. ಬಿಲ್ ಕೊಡದಿರುವುದನ್ನೂ ಅದೇ ಪಟ್ಟಿಗೆ ಸೇರಿಸಿದ್ದಾರೆ.

ಹಾಗಾದರೆ ರಿಯಾಯಿತಿ ಮಾಲಿಗೆ ಬೇರೆ ನ್ಯಾಯವೇ? ಅಲ್ಲ. ಬೆಲೆ ಇಳಿಸಿದರೆ ಹಕ್ಕು ಇಳಿಯುವುದಿಲ್ಲ. ಆದರೆ ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಒಂದು, ಒಳ್ಳೆಯ ಮಾಲೆಂದು ಕಡಿಮೆ ಬೆಲೆಗೆ ಕೊಟ್ಟದ್ದು ಕೆಟ್ಟರೆ ಅಂಗಡಿಯವರು ಜವಾಬ್ದಾರರು. ಆದರೆ ಮರಳಿ ಕೇಳಬೇಕಾದದ್ದು ನಾವು ಕೊಟ್ಟ ಹಣ, ಡಬ್ಬಿಯ ಮೇಲೆ ಅಚ್ಚಾದ ಬೆಲೆಯಲ್ಲ. ಎರಡು, "ಇಲ್ಲೊಂದು ಗೀರು ಇದೆ, ಅದಕ್ಕೇ ಕಡಿಮೆ" ಎಂದು ತೋರಿಸಿ ಕೊಟ್ಟರೆ ಆ ಗೀರಿಗಾಗಿ ಜಗಳವಾಡುವಂತಿಲ್ಲ. ತೋರಿಸದ ಬೇರೆ ದೋಷ ಕಂಡರೆ ಕೇಳಬಹುದು. ಮೂರು, ಸೀರೆ ಚೆನ್ನಾಗಿಯೇ ಇದೆ, ಬಣ್ಣ ಮಾತ್ರ ಮನೆಗೆ ಬಂದ ಮೇಲೆ ಮನಸ್ಸಿಗೆ ಬರಲಿಲ್ಲ ಎಂದರೆ ಕಾಯ್ದೆ ಸಹಾಯಕ್ಕೆ ಬರುವುದಿಲ್ಲ. ಅದು ಅಂಗಡಿಯವರು ಕೊಟ್ಟ ಮಾತಿಗೆ ಸೇರಿದ್ದು. ನಮ್ಮ ಹಕ್ಕು ಕೇಳುವಾಗ ಅವರ ನ್ಯಾಯವನ್ನೂ ನೋಡಬೇಕು. ಅವರೂ ನಮ್ಮಂತೆಯೇ ಸಂಸಾರವಂದಿಗರು.

ಇನ್ನು ಬೀಗದ ಮಾತು. ಬೀಗ ಬೀಳಲು ಕೊರೊನಾವೇ ಆಗಬೇಕೆಂದಿಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಾವ್ಯಾರೂ ಮರೆತಿಲ್ಲ. ಅಂಗಡಿ ಮುಚ್ಚಿದ ದಿನಗಳನ್ನು ಲೆಕ್ಕದಿಂದ ಬಿಡಬೇಕು ಎಂದು ಆ 30 ದಿನದ ಕಲಮಿನಲ್ಲಿ ಬರೆದಿಲ್ಲ. ಅಂಗಡಿ ತೆರೆದ ಮೇಲೆ ನೋಡೋಣ ಎಂದು ಸುಮ್ಮನೆ ಕೂತರೆ ನಮ್ಮ ಗತಿಯೇ ನಿಮಗೂ ಆಗುತ್ತದೆ. ಅದಕ್ಕೇ ದೋಷ ಕಂಡ ದಿನವೇ ಬರೆದು ತಿಳಿಸಬೇಕು. ವಾಟ್ಸಾಪ್ ಆಗಬಹುದು, ರಜಿಸ್ಟರ್ ಪತ್ರ ಆಗಬಹುದು. ಬರೀ ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಬಿಲ್ಲು, ಡಬ್ಬಿ, ವಾರಂಟಿ ಕಾರ್ಡು ಜೋಪಾನವಾಗಿರಲಿ. ಕೆಟ್ಟ ಮಾಲನ್ನು ಬಳಸಬೇಡಿ, ಮನೆಯಲ್ಲೇ ಬಿಚ್ಚಿ ರಿಪೇರಿಗೆ ಕೂರಬೇಡಿ.

ಅಂಗಡಿಯವರ ಏಳು ದಿನ ಮುಗಿದರೆ ಎಲ್ಲ ಮುಗಿಯಿತು ಎಂತಲೂ ಅಲ್ಲ. ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಕೊರೊನಾ ಕಾಲದಲ್ಲಿ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಇಂಥ ದೂರು ದಾವೆಗಳ ಕಾಲಮಿತಿಯಿಂದಲೇ ಕೈಬಿಟ್ಟಿತ್ತು. ಅಂದರೆ ತಲೆ ತಗ್ಗಿಸಿ ಬಂದ ನಮಗೂ ಬಾಗಿಲು ತೆರೆದೇ ಇತ್ತು. ಅದು ನಮಗೆ ಗೊತ್ತಿರಲಿಲ್ಲ.

ಮೊದಲು 1915 ನಂಬರಿಗೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ಹೊಸ ಕಾಯ್ದೆ ಹೇಳಿದ್ದರಿಂದ, ಹುಬ್ಬಳ್ಳಿಯಲ್ಲಿ ಕೊಂಡ ಮಾಲಿಗೂ ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ನಾವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ.

ಕೊನೆಯದಾಗಿ ನಮ್ಮ ಸಂಘಕ್ಕೇ ಒಂದು ಬಿನ್ನಹ. ಪೇಟೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಸಾಲು ನಮ್ಮ ಬಿಲ್ ಪುಸ್ತಕದಲ್ಲೂ ಇದೆ. ಇಪ್ಪತ್ತೈದು ವರ್ಷದಿಂದ ಅಚ್ಚಾಗುತ್ತಾ ಬಂದಿದೆ, ಯಾರೂ ಕೇಳಲಿಲ್ಲ. ನಾವೂ ಹಿಂದೆ ಆಡಳಿತ ಮಂಡಳಿಯಲ್ಲಿದ್ದವರೇ, ನಾವೂ ಕೇಳಲಿಲ್ಲ. ಹೊಸ ಬಿಲ್ ಪುಸ್ತಕ ಅಚ್ಚು ಹಾಕಿಸುವಾಗ ಆ ಸಾಲನ್ನು ತೆಗೆಯೋಣ. ಅದರ ಬದಲು, "ದೋಷವಿದ್ದರೆ 30 ದಿನದೊಳಗೆ ತಿಳಿಸಿ, ಸಂಘ ಮುಚ್ಚಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದು ಹಾಕೋಣ. ಕಾಯ್ದೆ ಬರೆಯದೆ ಬಿಟ್ಟದ್ದನ್ನು ನಾವು ನಮ್ಮ ಮನಸ್ಸಿನಿಂದ ಬರೆದುಕೊಳ್ಳಬಹುದಲ್ಲ! ಸಂಘಕ್ಕೆ ಬೀಗ ಹಾಕುವ ದಿನ ಬಾಗಿಲಿಗೆ ಒಂದು ಫೋನ್ ನಂಬರು ಅಂಟಿಸೋಣ. ಇಲ್ಲಿ ಮಾರುವವರೂ ನಾವೇ, ಕೊಳ್ಳುವವರೂ ನಾವೇ. ಸದಸ್ಯನಿಗೆ ಕೆಟ್ಟ ಮಾಲು ಕೊಟ್ಟು ಉಳಿಸಿದ ಹಣ ಸಂಘದ ಲಾಭವಲ್ಲ.

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಠರಾವನ್ನು ನಾವೇ ಮಂಡಿಸುತ್ತೇವೆ. ತಾವೆಲ್ಲ ಕೈ ಎತ್ತಬೇಕೆಂದು ಪ್ರಾರ್ಥಿಸುತ್ತೇವೆ. ಜೈ ಸಹಕಾರ.