ಇಎಫ್ 60 ಅಂದ್ರೆ ಎಲ್ಲಾ ಸರಿಯಿದೆ ಅಂತಾನಾ?

ನಾನು ಡಾಕ್ಟರ್ ಅಲ್ಲ, ಬ್ಯಾಕೆಂಡ್ ಕೋಡ್ ಬರೆಯೋನು. ಇದನ್ನ ವೈದ್ಯಕೀಯ ಸಲಹೆ ಅಂತ ತಗೋಬೇಡಿ. ರಿಪೋರ್ಟ್ ತಪ್ಪಾಗಿ ಓದಿದ ಒಬ್ಬ ಮಗನ ಕಥೆ ಅಂತ ಕೇಳಿ.

ಗದಗದಲ್ಲಿರೋ ಅಪ್ಪನಿಗೆ ಮೆಟ್ಟಿಲು ಹತ್ತಿದ್ರೆ ದಮ್ಮು ಬರ್ತಿತ್ತು. ಪುಣೆಗೆ ಕರ್ಕೊಂಡು ಬಂದೆ. ಮೈಟ್ರಲ್ ಕವಾಟ ಸೋರ್ತಿದೆ ಅಂತ ಎಕೋದಲ್ಲಿ ಗೊತ್ತಾಯ್ತು. ಎಷ್ಟು ಸೋರ್ತಿದೆ ಅನ್ನೋದು ಮಾತ್ರ ಸ್ಪಷ್ಟವಾಗಲಿಲ್ಲ. ನಲವತ್ತು ವರ್ಷ ಬೀಡಿ ಸೇದಿದ ಎದೆ. ಗಾಳಿ ತುಂಬಿ ಉಬ್ಬಿದ ಶ್ವಾಸಕೋಶ ಅಡ್ಡ ಬಂದು ಚಿತ್ರ ಮಸುಕು. ದಮ್ಮು ಬೀಡಿದೋ, ಕವಾಟದ್ದೋ? ಅದರ ಮೇಲೆ ಆಪರೇಷನ್ ನಿಂತಿತ್ತು. ಎಮ್‌ಆರ್‌ಐ ಯಂತ್ರದೊಳಗೆ ಅಪ್ಪ ಎರಡು ನಿಮಿಷ ಮಲಗಲಿಲ್ಲ. "ಇದೇನ್ ಹೆಣದ ಪೆಟ್ಟಿಗೇನು, ಹೊರಗ ತಗೀರಿ ನನ್ನ" ಅಂದ್ರು. ಕೊನೆಗೆ ಡಾಕ್ಟರ್ ಮುಗಾ ಸ್ಕ್ಯಾನ್ ಬರೆದರು.

ಈಗ ಎಕೋ, ಎಮ್‌ಆರ್‌ಐ ಬಂದ ಮೇಲೆ ಈ ಸ್ಕ್ಯಾನ್ ಬಳಕೆ ಕಡಿಮೆ. ಆದ್ರೆ ಅದರ ಲೆಕ್ಕ ನನಗೆ ಬಹಳ ಹಿಡಿಸ್ತು. ರಕ್ತದ ಕೆಂಪು ಕಣಗಳಿಗೆ ಟೆಕ್ನೀಷಿಯಂ-99ಎಮ್ ಅನ್ನೋ ವಿಕಿರಣ ವಸ್ತು ಅಂಟಿಸ್ತಾರೆ. ಆರು ಗಂಟೆಗೆ ಅದರ ಅರ್ಧ ಕರಗಿಹೋಗುತ್ತೆ. ಎದೆ ಮೇಲೆ ಗಾಮಾ ಕ್ಯಾಮೆರಾ ಇಡ್ತಾರೆ, ಎರಡು ಕುಕ್ಷಿಗಳೂ ಬೇರೆ ಬೇರೆ ಕಾಣೋ ಹಾಗೆ ಎಡಕ್ಕೆ ಓರೆಯಾಗಿ. ಒಂದೇ ಬಡಿತದಲ್ಲಿ ಸಿಗೋ ಕಿರಣಗಳು ಚಿತ್ರಕ್ಕೆ ಸಾಲಲ್ಲ. ಅದಕ್ಕೆ ಇಸಿಜಿಯ ಆರ್ ಅಲೆಯನ್ನೇ ಟ್ರಿಗರ್ ಮಾಡ್ಕೊಂಡು, ಪ್ರತಿ ಬಡಿತವನ್ನ 16 ಅಥವಾ 24 ಫ್ರೇಮ್ ಆಗಿ ಕತ್ತರಿಸಿ, ನೂರಾರು ಬಡಿತಗಳ ಒಂದನೇ ಫ್ರೇಮ್‌ಗಳನ್ನೆಲ್ಲ ಒಂದು ಡಬ್ಬಿಗೆ, ಎರಡನೇದನ್ನೆಲ್ಲ ಇನ್ನೊಂದಕ್ಕೆ ಹಾಕ್ತಾರೆ. ನಾವು ಲಾಗ್‌ಗಳಿಗೆ ಮಾಡೋದೂ ಇದೇ ತಾನೇ! ಬಡಿತ ತಾಳ ತಪ್ಪಿದ್ರೆ ಮಾತ್ರ ಡಬ್ಬಿಗಳೆಲ್ಲ ಕಲಸಿಹೋಗುತ್ತೆ.

ಎಣಿಕೆ ಹೆಚ್ಚಾದಷ್ಟೂ ರಕ್ತ ಹೆಚ್ಚು. ತುಂಬಿದಾಗಿನ ಎಣಿಕೆಯಲ್ಲಿ ಎಷ್ಟು ಪಾಲು ಹೊರಗೆ ಹೋಯ್ತೋ ಅದೇ ಇಎಫ್. ಅಪ್ಪನದು 60 ಶೇಕಡಾ. ಗೂಗಲ್ ನೋಡಿದೆ, ನಾರ್ಮಲ್. ಅವತ್ತೇ ರಾತ್ರಿ ಗದಗಕ್ಕೆ ಬಸ್ ಟಿಕೆಟ್ ಬುಕ್ ಮಾಡಿದೆ.

ಸಂಜೆ ಡಾಕ್ಟರ್ ರಿಪೋರ್ಟಿನ ಕೆಳಗಿನ ಸಾಲಿಗೆ ಬೆರಳಿಟ್ಟರು. ಎಡ ಕುಕ್ಷಿ ಒಂದು ಬಡಿತಕ್ಕೆ ತಳ್ಳಿದ ಎಣಿಕೆಯನ್ನ ಬಲ ಕುಕ್ಷಿಯದರಿಂದ ಭಾಗಿಸಿದ್ರು: 2.4. ಎರಡೂ ಒಂದೇ ಪೈಪ್‌ಲೈನಿನ ಪಂಪುಗಳು. ಬಲಗಡೆಯದು ಶ್ವಾಸಕೋಶಕ್ಕೆ ಕಳಿಸಿದಷ್ಟೇ ಎಡಗಡೆಯದು ಮೈಗೆ ಕಳಿಸ್ಬೇಕು. ಬಲ ಹೃತ್ಕರ್ಣದ ನೆರಳು ಬಲ ಕುಕ್ಷಿ ಮೇಲೆ ಬೀಳೋದ್ರಿಂದ ಆರೋಗ್ಯವಂತರಲ್ಲೂ ಈ ಸಂಖ್ಯೆ ಒಂದಕ್ಕಿಂತ ತುಸು ಮೇಲಿರುತ್ತೆ. 2.4 ಅಂದ್ರೆ ಎಡಗಡೆ ತಳ್ಳಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಹಿಂದಕ್ಕೇ ಸೋರ್ತಿದೆ. ಅದೇ ರಕ್ತವನ್ನ ಮತ್ತೆ ಮತ್ತೆ ಎತ್ತಿ ಕುಕ್ಷಿ ಹಿಗ್ಗಿದೆ. ಈ ಅನುಪಾತದಿಂದ ಸೋರಿಕೆ ಅಳೆಯೋದನ್ನ ಪಿಯರ್ ರಿಗೋ ಮತ್ತು ಸಂಗಡಿಗರು 1979ರಲ್ಲೇ ಪ್ರಕಟಿಸಿದ್ರು. (ಬಲಗಡೆ ಹೊರೆ ಹೆಚ್ಚಿದ್ರೆ, ಉದಾಹರಣೆಗೆ ಹೃತ್ಕರ್ಣಗಳ ನಡುವೆ ತೂತಿದ್ರೆ, ಸಂಖ್ಯೆ ಕೆಳಗಿಳಿಯುತ್ತೆ.)

"ಮತ್ತೆ 60 ಇದ್ಯಲ್ಲ ಸರ್?" ಅಂದೆ. ಹಿಂದಕ್ಕೆ ಸೋರೋ ದಾರಿಯಲ್ಲಿ ಒತ್ತಡ ಕಡಿಮೆ, ಅಲ್ಲಿಗೆ ತಳ್ಳೋದು ಸುಲಭ; ಇಎಫ್ ಅದನ್ನೂ ಕೆಲಸ ಅಂತಲೇ ಎಣಿಸುತ್ತೆ ಅಂದ್ರು. ಫೇಲ್ ಆದ ರಿಕ್ವೆಸ್ಟ್‌ಗಳ ರೀಟ್ರೈಗಳನ್ನೂ ಸೇರಿಸಿ ಥ್ರೂಪುಟ್ ತೋರಿಸಿದ ಹಾಗೆ. ಮೈಟ್ರಲ್ ತೀವ್ರವಾಗಿ ಸೋರುವಾಗ 60 ಅಥವಾ ಅದಕ್ಕಿಂತ ಕಡಿಮೆ ಇದ್ರೆ, ರೋಗಿಗೆ ಏನೂ ತೊಂದರೆ ಅನ್ನಿಸದಿದ್ದರೂ ಆಪರೇಷನ್ ಯೋಚಿಸಬೇಕು ಅಂತ ಅಮೆರಿಕದ ಹೃದ್ರೋಗ ಮಾರ್ಗಸೂಚಿ ಹೇಳುತ್ತೆ. ನಾನು ಹಸಿರು ಅಂದ್ಕೊಂಡಿದ್ದು ಅಪಾಯದ ಗೆರೆ. ಟಿಕೆಟ್ ಕ್ಯಾನ್ಸಲ್ ಮಾಡಿದೆ.

ಕವಾಟ ರಿಪೇರಿ ಆಯ್ತು. ಆಮೇಲೆ ಮತ್ತೆ ನೋಡಿದಾಗ ಇಎಫ್ 52. ಅಪ್ಪ ಕನ್ನಡಕ ಏರಿಸಿ ಓದಿ, "ಮೊದಲ 60 ಇತ್ತು, ರೊಕ್ಕಾ ಕೊಟ್ಟು ಕಡಿಮಿ ಮಾಡಿಸ್ಕೊಂಡ್ವೇನೋ ತಮ್ಮಾ?" ಅಂದ್ರು. ಈ 52 ಪೂರ್ತಿ ಮುಂದಕ್ಕೇ ಹೋಗ್ತದ ಅಪ್ಪಾ ಅಂದೆ. ಅವರು ಅಷ್ಟು ನಂಬಿದ ಹಾಗೆ ಕಾಣಲಿಲ್ಲ. ನಮ್ಮ ವಾಕಡ್ ಫ್ಲ್ಯಾಟಿನ ಎರಡು ಮಹಡಿ ಮಾತ್ರ ನಿಲ್ಲದೆ ಹತ್ತಿದ್ರು.