ಚೀಲದ ಮೇಲಿನ ಅಕ್ಷರ, ಕೊಟ್ಟಿಗೆಯ ಜೀವ

(ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರು ಮತ್ತು ಹಾಲು ಉತ್ಪಾದಕರ ಮುಂದೆ ಆಡಿದ ಮಾತು)



ಇವತ್ತು ನಾನು ನಾಯಿ ತಿನ್ನುವ ಅನ್ನದ ಬಗ್ಗೆ ಮಾತಾಡಲು ನಿಂತಿದ್ದೇನೆ. ನಗಬೇಡಿ. ಗಡಿ, ನೀರು, ಉದ್ಯೋಗ ಎಂದು ಇಷ್ಟೊಂದು ದೊಡ್ಡ ಪ್ರಶ್ನೆಗಳಿರುವಾಗ ಇವನಿಗೆ ನಾಯಿಯ ತಟ್ಟೆಯ ಚಿಂತೆ ಯಾಕೆ ಹತ್ತಿತು ಎಂದು ನೀವು ಕೇಳಬಹುದು. ಹತ್ತು ನಿಮಿಷ ಕೊಡಿ. ನಾಯಿಯ ತಟ್ಟೆಯಿಂದ ಹೊರಟ ಮಾತು ನಿಮ್ಮ ಮಗುವಿನ ಹಾಲಿನ ಲೋಟಕ್ಕೆ ಬಂದು ಮುಟ್ಟದಿದ್ದರೆ ನನ್ನನ್ನು ಕೂರಿಸಿಬಿಡಿ.

ಮೊದಲು ನನ್ನ ಮನೆಯ ತಪ್ಪನ್ನೇ ಹೇಳುತ್ತೇನೆ. ಒಂದು ವರ್ಷ ಗೋವಿನಜೋಳ ಮುರಿಯುವ ಹೊತ್ತಿಗೆ ಮಳೆ ಹಿಡಿಯಿತು. ಎಲ್ಲರ ಹಾಗೆ ನಾವೂ ರಸ್ತೆಯ ಮೇಲೆ ಹರಡಿದೆವು, ತಾಡಪಾಲು ಮುಚ್ಚಿದೆವು, ತೆಗೆದೆವು, ಮತ್ತೆ ಮುಚ್ಚಿದೆವು. ಅಡಿಯ ಕಾಳು ಬಿಸಿಯಾಗಿ ಹಸಿರು ಬೂಷ್ಟು ಬಂತು. ಚೆನ್ನಾಗಿದ್ದದ್ದು ಮಂಡಿಗೆ ಹೋಯಿತು. ಕೆಟ್ಟದ್ದನ್ನು ಏನು ಮಾಡುವುದು? ಸುಮಾರಾಗಿದ್ದದ್ದು ದನಕ್ಕೆ, ತೀರಾ ಕೆಟ್ಟದ್ದು ನಾಯಿಯ ಗಂಜಿಗೆ. ಕೆಲವು ವಾರಗಳಲ್ಲಿ ನಮ್ಮ ಕರಿಯ ಅನ್ನ ಬಿಟ್ಟ. ಕಣ್ಣು ಅರಿಸಿನ ಹಚ್ಚಿದಂತಾಯಿತು, ಹೊಟ್ಟೆ ಊದಿತು, ಸತ್ತ. ಪಶುವೈದ್ಯರು ಕೇಳಿದ್ದು ಒಂದೇ ಮಾತು: "ಬೂಷ್ಟು ಹಿಡಿದ ಕಾಳು ಹಾಕಿದ್ರಾ?" ನಾನು ತಲೆ ತಗ್ಗಿಸಿದೆ. ಪರೀಕ್ಷೆ ಮಾಡಿಸಿರಲಿಲ್ಲ, ಆದ್ದರಿಂದ ಅದೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಬೂಷ್ಟು ಹುಟ್ಟಿಸುವ ವಿಷದ ಹೆಸರು ಅಫ್ಲಾಟಾಕ್ಸಿನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೂಷ್ಟು ಒರೆಸಿದರೂ ವಿಷ ಕಾಳಿನೊಳಗೆ ಉಳಿಯುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಹೋಗಿ ಕೂರುವುದು ಯಕೃತ್ತಿನಲ್ಲಿ. ಲೋಕಕ್ಕೆ ಇದರ ಗುರುತು ಸಿಕ್ಕಿದ್ದೇ ಪ್ರಾಣಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ.

ಅದು ದೂರದ ಮಾತು ಎನ್ನುತ್ತೀರಾ? 1974ಕ್ಕೆ ಬನ್ನಿ. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ಗೋವಿನಜೋಳ ತೊಯ್ದಿತು. ಬಡ ಆದಿವಾಸಿ ಮನೆಗಳಿಗೆ ಬೇರೆ ಕಾಳಿರಲಿಲ್ಲ, ಅದನ್ನೇ ತಿಂದರು. ವಿಜ್ಞಾನಿಗಳು ದಾಖಲಿಸಿದ 397 ರೋಗಿಗಳಲ್ಲಿ 106 ಮಂದಿ ಸತ್ತರು. ಅದೇ ಊಟ ಉಂಡ ಊರ ನಾಯಿಗಳಿಗೂ ಅದೇ ಕಾಮಾಲೆ, ಅದೇ ಹೊಟ್ಟೆಯುಬ್ಬರ. ನಾಯಿಯ ತಟ್ಟೆ ಬೇರೆ, ನಮ್ಮ ತಟ್ಟೆ ಬೇರೆ ಎನ್ನುವವರು ಈ ಕಥೆಯನ್ನು ಮರೆಯಬಾರದು.

ಈಗ ಹೊರದೇಶದವರು ಏನು ಮಾಡುತ್ತಾರೆ ನೋಡಿ. ಅಲ್ಲಿಯೂ ಮೋಸ ಉಂಟು, ಅಜಾಗರೂಕತೆ ಉಂಟು. 2020ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಒಂದು ಕಂಪನಿಯ ನಾಯಿ ಆಹಾರದಲ್ಲಿ ಇದೇ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಕೆಲವೇ ವಾರಗಳಲ್ಲಿ, ಆ ಆಹಾರ ತಿಂದು ಸತ್ತವೆಂದು ವರದಿಯಾದ ನಾಯಿಗಳ ಸಂಖ್ಯೆ 110 ದಾಟಿತು. ಅದಕ್ಕೂ ಮೊದಲು, 2007ರ ಮಾರ್ಚಿಯಲ್ಲಿ, ಕೆನಡಾದ ಮೆನು ಫುಡ್ಸ್ ಕಂಪನಿ ಆರು ಕೋಟಿ ಡಬ್ಬಿ, ಪೊಟ್ಟಣಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಚೀನಾದಿಂದ ತರಿಸಿದ ಗೋಧಿ ಅಂಟಿನಲ್ಲಿ ಮೆಲಮೈನ್ ಬೆರೆಸಿದ್ದರು. ಮೆಲಮೈನ್ ಎಂದರೆ ಪ್ಲಾಸ್ಟಿಕ್ ತಟ್ಟೆ ಮಾಡುವ ರಾಸಾಯನಿಕ. ಅದರಲ್ಲಿ ಸಾರಜನಕ ಹೆಚ್ಚು. ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು. ಹಾಗಾಗಿ ಕಾಗದದ ಮೇಲೆ ಪ್ರೋಟೀನ್ ಜಾಸ್ತಿ, ನಾಯಿ ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳು.

ಆ ಎಚ್ಚರಿಕೆಯನ್ನು ಎಲ್ಲರೂ ಕೇಳಿಸಿಕೊಂಡರೇ? ಇಲ್ಲ. ಮರುವರ್ಷ, 2008ರಲ್ಲಿ, ಅದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಕೂಸುಗಳು ತೀರಿಕೊಂಡವು. ನಾಯಿಯ ತಟ್ಟೆಯಲ್ಲಿ ಕಂಡದ್ದು ಒಂದೇ ವರ್ಷದಲ್ಲಿ ತೊಟ್ಟಿಲಿಗೆ ಬಂತು.

ಈಗ ಆ ವಾಪಸಾತಿ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಪ್ರತಿ ಚೀಲಕ್ಕೂ ಒಂದು ಬ್ಯಾಚ್ ನಂಬರ್. ಯಾವ ದಿನ, ಯಾವ ಕಾರ್ಖಾನೆಯಲ್ಲಿ ತಯಾರಾಯಿತು ಎಂಬುದಕ್ಕೆ ಅದೇ ಜಾತಕ. ತಪ್ಪು ಕಂಡರೆ ಆ ನಂಬರುಗಳ ಪಟ್ಟಿ ಹೊರಬೀಳುತ್ತದೆ. ಮನೆಯ ಹೆಂಗಸು ಚೀಲ ತಿರುಗಿಸಿ, ಪಟ್ಟಿಗೆ ಹೋಲಿಸಿ, ಸೇರಿದರೆ ಅಂಗಡಿಗೆ ಒಯ್ದು ಬಿಸಾಡುತ್ತಾಳೆ. ಇಷ್ಟೇ. ಪ್ರಯೋಗಾಲಯದ ಇಡೀ ವಿದ್ಯೆ ಕೊನೆಗೆ ನಿಲ್ಲುವುದು ಮನೆಯಲ್ಲಿರುವವರು ಆ ಚೀಲವನ್ನು ಓದಬಲ್ಲರೇ ಎಂಬ ಒಂದು ಪ್ರಶ್ನೆಯ ಮೇಲೆ.

ಓದುಗರೇ, ನಿಮ್ಮ ಕೊಟ್ಟಿಗೆಗೆ ಹೋಗಿ. ಖಾಸಗಿ ಅಂಗಡಿಯಿಂದ ತಂದ ಹಿಂಡಿಯ ಚೀಲ ತಿರುಗಿಸಿ. ಪಟ್ಟಣದಲ್ಲಿ ಮಗ ನಾಯಿಗೆಂದು ಕೊಂಡ ಪೊಟ್ಟಣವನ್ನೂ ತಿರುಗಿಸಿ. ಹಸುವಿನ ಚಿತ್ರ ದೊಡ್ಡದು, ನಾಯಿಯ ಚಿತ್ರ ಇನ್ನೂ ದೊಡ್ಡದು. ಏನೇನು ಬೆರೆಸಿದೆ, ಯಾವತ್ತಿನವರೆಗೆ ಬಳಸಬಹುದು, ಯಾವ ಪ್ರಾಣಿಗೆ ಕೊಡಬಾರದು ಎಂಬುದು ಯಾವ ಭಾಷೆಯಲ್ಲಿದೆ? ಬೆಳೆದ ರಾಸಿಗೆ ಯೂರಿಯಾ ಒಂದು ಮಿತಿಯಲ್ಲಿ ಸಲ್ಲುತ್ತದೆ, ಎಳೆಗರುವಿಗೆ ಅದು ವಿಷ. "ಕರುವಿಗೆ ಕೊಡಬಾರದು" ಎಂಬ ಸಾಲು ಇಂಗ್ಲಿಷಿನಲ್ಲಿದ್ದರೆ, ಕರು ಸಾಕುವ ನಮ್ಮ ಅಕ್ಕನ ಪಾಲಿಗೆ ಆ ಸಾಲು ಇದ್ದೂ ಇಲ್ಲ.

ಈಗ ಹಾಲಿನ ಲೋಟಕ್ಕೆ ಬರುತ್ತೇನೆ. ಹಸು ತಿಂದ ಅಫ್ಲಾಟಾಕ್ಸಿನ್‌ನಲ್ಲಿ ಒಂದು ಪಾಲು ರೂಪ ಬದಲಿಸಿ ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಕೆಟ್ಟ ಮೇವು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಅದಕ್ಕೇ ಸಕಾಲದ ಎಚ್ಚರಿಕೆಗೆ ಇಷ್ಟು ಬೆಲೆ. ಪಶು ಆಹಾರದ ಭಾರತೀಯ ಮಾನಕ ಐಎಸ್ 2052 ಹೇಳುವ ಮಿತಿ ಒಂದು ಟನ್ನಿಗೆ 20 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆಗೂ ಕಡಿಮೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೇಶದ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ ಈ ವಿಷ ಮಿತಿ ಮೀರಿತ್ತು. ಅದು ಮೇವು, ಹಿಂಡಿಗಳ ದಾರಿಯಿಂದ ಬರುತ್ತದೆ ಎಂದು ಪ್ರಾಧಿಕಾರವೇ ಹೇಳಿತು.

ಅದೇ ಪ್ರಾಧಿಕಾರದ ಲೇಬಲ್ ನಿಯಮ ಏನು ಹೇಳುತ್ತದೆ ಗೊತ್ತೇ? ಮನುಷ್ಯರು ತಿನ್ನುವ ಪೊಟ್ಟಣದ ಮೇಲೆ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು, ಬೇರೆ ಭಾಷೆ ಬೇಕಾದರೆ ಸೇರಿಸಬಹುದು. ಬೇಕಾದರೆ! ಕೋಟಿ ಕೋಟಿ ಕನ್ನಡಿಗರ ಜೀವಕ್ಕೆ "ಬೇಕಾದರೆ" ಎಂಬ ಒಂದು ಪದ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ಕರ್ನಾಟಕದಲ್ಲಿ ತಯಾರಾದ ಸರಕಿನ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಅದಕ್ಕೆ ಆದೇಶವನ್ನೂ ಹೊರಡಿಸಿತು. ಒಳ್ಳೆಯದು. ಆದರೆ ಅದು ಇಲ್ಲಿ ತಯಾರಾದ ಸರಕಿನ ಮಾತು. ಹೊರಗಿನಿಂದ ಲಾರಿಯಲ್ಲಿ ಬರುವ ಚೀಲ ನಮ್ಮ ಹಸುವಿನ ಹೊಟ್ಟೆಗೇ ಹೋಗುವುದಲ್ಲವೇ?

ನಾವು ಕೇಳುವುದು ಮೂರೇ. ಒಂದು, ಕರ್ನಾಟಕದಲ್ಲಿ ಮಾರುವ ಪ್ರತಿ ಪಶು ಆಹಾರದ ಚೀಲದ ಮೇಲೂ, ನಾಯಿ ಆಹಾರದ ಪೊಟ್ಟಣದ ಮೇಲೂ ಪದಾರ್ಥ, ತಾರೀಖು, ಎಚ್ಚರಿಕೆ ಕನ್ನಡದಲ್ಲಿರಲಿ. ಎರಡು, ಸರಕು ವಾಪಸ್ ಪಡೆದರೆ ಆ ನಂಬರುಗಳ ಪಟ್ಟಿ ಅದೇ ದಿನ ಕನ್ನಡದಲ್ಲಿ ಪ್ರತಿ ಹಾಲಿನ ಡೈರಿಯ ಗೋಡೆಗೆ ಅಂಟಲಿ. ಮೂರು, ಕಾಳಿನ ತೇವ ಅಳೆಯುವ ಯಂತ್ರ ಮತ್ತು ಒಣಗಿಸುವ ಕಟ್ಟೆ ಊರೂರಿಗೆ ಸಿಗಲಿ. ಶಿಕಾರಿಪುರದಲ್ಲೇ ಹಾಲು ಮಹಾಮಂಡಳದ ಪಶು ಆಹಾರ ಕಾರ್ಖಾನೆಯಿದೆ. ಶಿರಾಳಕೊಪ್ಪ, ಆನವಟ್ಟಿ, ಚಂದ್ರಗುತ್ತಿಯ ರೈತ ಒಳ್ಳೆಯ ಕಾಳು ಕೊಟ್ಟರೆ ಒಳ್ಳೆಯ ಹಿಂಡಿ ಅವನಿಗೇ ತಿರುಗಿ ಬರುತ್ತದೆ.

ನಮ್ಮ ಪಾಲಿನ ಕೆಲಸವೂ ಉಂಟು. ತೇವ ನೂರಕ್ಕೆ 14ರೊಳಗೆ ಇಳಿಯುವವರೆಗೆ ಗೋವಿನಜೋಳ ಚೀಲಕ್ಕೆ ತುಂಬಬೇಡಿ. ಹಿಂಡಿಯ ಚೀಲ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಹಿಂಡಿ ಮುಗಿಯುವವರೆಗೆ ಚೀಲ ಮತ್ತು ರಸೀದಿ ಎಸೆಯಬೇಡಿ. ಬೂಷ್ಟು ಬಂದ ಕಾಳನ್ನು ಯಾವ ಜೀವಕ್ಕೂ ಹಾಕಬೇಡಿ, ಬಾಲ ಅಲ್ಲಾಡಿಸುತ್ತಾ ಬಂದು ನಿಲ್ಲುವ ಜೀವಕ್ಕೂ ಕೂಡ.

ಬಳ್ಳಿಗಾವಿಯ ಶಾಸನಗಳ ಮುಂದೆ ಒಮ್ಮೆ ನಿಂತು ನೋಡಿ. ಯಾರಿಗೆ ಎಷ್ಟು ಭೂಮಿ, ಯಾರು ಎಷ್ಟು ಸುಂಕ ಎಂಬುದನ್ನು ಸಾವಿರ ವರ್ಷದ ಹಿಂದೆ ಜನರಿಗೆ ತಿಳಿಯಲೆಂದು ಕನ್ನಡದಲ್ಲಿ ಕಲ್ಲಿಗೆ ಕೊರೆಸಿದರು. ಕಲ್ಲಿನ ಮೇಲೆ ಕೊರೆಯಲು ಆದದ್ದು ಪ್ಲಾಸ್ಟಿಕ್ ಚೀಲದ ಮೇಲೆ ಅಚ್ಚು ಹಾಕಲು ಆಗುವುದಿಲ್ಲವೇ? ನಾಳೆ ಬೆಳಿಗ್ಗೆ ಹಿಂಡಿ ಕೊಳ್ಳುವಾಗ ಅಂಗಡಿಯವರನ್ನು ಕೇಳಿ: "ಅಣ್ಣಾ, ಇದರ ಮೇಲೆ ಏನು ಬರೆದಿದೆ, ಕನ್ನಡದಲ್ಲಿ ಓದಿ ಹೇಳಿ." ಹತ್ತು ಜನ ಕೇಳಿದರೆ ಅಂಗಡಿಯವರು ಕಂಪನಿಯನ್ನು ಕೇಳುತ್ತಾರೆ. ಹತ್ತು ಊರು ಕೇಳಿದರೆ ಕಂಪನಿ ಅಚ್ಚು ಬದಲಿಸುತ್ತದೆ.

ಕರಿಯನಿಗೆ ಕೇಳುವ ಬಾಯಿ ಇರಲಿಲ್ಲ. ನಮಗಿದೆ.